ಎರಡು ಸಲ ಅಲೆಯಾಗುವ ಫೋಟೊ

ಕಳೆದ ಮೇ ತಿಂಗಳಲ್ಲಿ ಶಿರಸಿ ಹತ್ತಿರದ ಹಳ್ಳಿಯೊಂದಕ್ಕೆ ಉಪನಯನಕ್ಕೆಂದು ಹೋಗಿದ್ದೆ. ಹಿಂದಿನ ರಾತ್ರಿಯ ಅಡ್ಡಮಳೆಗೆ ಕರೆಂಟ್ ಹೋಗಿತ್ತು. ಸ್ವಲ್ಪ ಹೊತ್ತಿಗೆ, ಊರಿನ ರೂಢಿಯಂತೆ, ಮೊಬೈಲ್ ಸಿಗ್ನಲ್ಲೂ ಹೋಗಿತ್ತು. ಆದರೂ ಅಂಗಳದ ಚಪ್ಪರದಲ್ಲಿ ಫೋಟೊಗ್ರಾಫರ್ ಹುಡುಗ ತೆಗೆದ ಚಿತ್ರ ಎರಡು ಮೂರು ಸೆಕೆಂಡಿನಲ್ಲಿ ಜಗುಲಿಯ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಮೂಡುತ್ತಿತ್ತು. ಕವಳ ಹಾಕುತ್ತ ಅದನ್ನೇ ನೋಡುತ್ತಿದ್ದ ವಟುವಿನ ಅಜ್ಜ ನನ್ನ ಕಡೆ ತಿರುಗಿ, "ನೆಟ್ ಇಲ್ಲ, ಕರೆಂಟ್ ಇಲ್ಲ. ಮತ್ತೆ ಇದು ಬಂದದ್ದು ಎಲ್ಲಿಂದ ತಮಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮೂರು ಉತ್ತರ ಬಂದವು. ಒಬ್ಬರು ಉಪಗ್ರಹದಿಂದ ಎಂದರು. ಇನ್ನೊಬ್ಬರು, ಗುಡುಗುವಾಗ ವೈಫೈ ಹಾಕಿದರೆ ಸಿಡಿಲನ್ನು ಎಳೆಯುತ್ತದೆ, ಮೇಲಾಗಿ ವಟುವಿನ ತಲೆಗೆ ರೇಡಿಯೇಶನ್ ತಾಗುತ್ತದೆ, ಮೊದಲು ಅದನ್ನು ಬಂದ್ ಮಾಡಿಸಿ ಎಂದರು. ಮೂರನೆಯವರು, ಗಾಳಿಯಲ್ಲಿ ಬಂದ ಫೋಟೊ ಮಸುಕಾಗಿರುತ್ತದೆ, ಆಲ್ಬಮ್ಮಿಗೆ ಆಗುವುದಿಲ್ಲ ಎಂದು ಅಂಗಡಿ ಅನುಭವದ ಗತ್ತಿನಲ್ಲಿ ತೀರ್ಪು ಕೊಟ್ಟರು. ಮೂರೂ ತಪ್ಪು.

ಉಪಗ್ರಹದ ಮಾತು ಒಂದು ಸಾಲಿನಲ್ಲಿ ಮುಗಿಯುತ್ತದೆ. ಕ್ಯಾಮೆರಾ ತಾನೇ ಒಂದು ಪುಟ್ಟ ವೈಫೈ ಜಾಲವನ್ನು ಹುಟ್ಟಿಸುತ್ತದೆ, ಲ್ಯಾಪ್‌ಟಾಪ್ ಅದಕ್ಕೆ ಸೇರಿಕೊಳ್ಳುತ್ತದೆ, ಚಿತ್ರ ಅಂಗಳದಿಂದ ಜಗುಲಿಗೆ ಬರುತ್ತದೆ. ಅದಕ್ಕೆ ಇಂಟರ್ನೆಟ್ಟೂ ಬೇಡ, ಡೇಟಾ ಪ್ಯಾಕೂ ಬೇಡ. ಮೆನುವಿನಲ್ಲಿ ಏನನ್ನು ಒತ್ತಬೇಕು ಎಂಬುದು ಕೈಪಿಡಿಯಲ್ಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನನಗೆ ಸಿಟ್ಟು ಬಂದದ್ದು ಎರಡನೆಯ ಉತ್ತರಕ್ಕೆ. ಮೋಡಕ್ಕೂ ನೆಲಕ್ಕೂ ನಡುವೆ ಕೋಟಿಗಟ್ಟಲೆ ವೋಲ್ಟ್ ಏರಿದಾಗ ಸಿಡಿಲು ಬಡಿಯುತ್ತದೆ. ಹೆಚ್ಚೆಂದರೆ ಒಂದು ವ್ಯಾಟಿನ ಹತ್ತನೆಯ ಒಂದು ಪಾಲು ಹೊರಸೂಸುವ ಕ್ಯಾಮೆರಾವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಿಡಿಲಿಗೆ ಹೆದರುವುದಾದರೆ ಗೋಡೆಯಿಂದ ಬರುವ ತಂತಿಗಳಿಗೆ ಹೆದರಬೇಕು, ತಂತಿಯೇ ಇಲ್ಲದ್ದಕ್ಕಲ್ಲ. ಇನ್ನು ರೇಡಿಯೇಶನ್. ಆ ವಟು ಬೆಳಗ್ಗೆಯಿಂದ ಹೋಮಕುಂಡದ ಮುಂದೆ ಕುಳಿತು ಬೆವರುತ್ತಿದ್ದ. ಪಕ್ಕದಲ್ಲಿ ಉರಿಯುತ್ತಿದ್ದ ಎಣ್ಣೆದೀಪದ ಹಳದಿ ಬೆಳಕಿನ ಒಂದೊಂದು ಫೋಟಾನಿಗೂ, ಎಂದರೆ ಬೆಳಕಿನ ಒಂದೊಂದು ಕಣಕ್ಕೂ, ವೈಫೈ ಫೋಟಾನಿಗಿಂತ ಸುಮಾರು ಎರಡು ಲಕ್ಷ ಪಟ್ಟು ಹೆಚ್ಚು ಶಕ್ತಿ ಇರುತ್ತದೆ. ದೀಪಕ್ಕೆ ಕೈಮುಗಿದು ಕ್ಯಾಮೆರಾಕ್ಕೆ ಹೆದರುವ ಭೌತವಿಜ್ಞಾನ ಎಲ್ಲಿಯದು?

ಮಸುಕಿನ ಮಾತಿಗೆ ಮಾತ್ರ ಸಾವಧಾನವಾಗಿ ಉತ್ತರಿಸಬೇಕು. ಏಕೆಂದರೆ ಅದರೊಳಗೆ ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ: ಫೋಟೊ ಅಂಗಳ ದಾಟುವಷ್ಟರಲ್ಲಿ ಎರಡು ಸಲ ಅಲೆಗಳಾಗಿ ಒಡೆಯುತ್ತದೆ. ಒಂದು ಸಲ ಕ್ಯಾಮೆರಾದ ಒಳಗೆ, ಇನ್ನೊಂದು ಸಲ ಗಾಳಿಯಲ್ಲಿ. ಎರಡೂ ಕಡೆ ಗಣಿತ ಒಂದೇ ಮನೆತನದ್ದು.

ಮೊದಲನೆಯದು. 24 ಮೆಗಾಪಿಕ್ಸೆಲ್ ಚಿತ್ರವನ್ನು ಚುಕ್ಕೆ ಚುಕ್ಕೆಯಾಗಿ ಬರೆದಿಟ್ಟರೆ 72 ಮೆಗಾಬೈಟ್ ಆಗುತ್ತದೆ. ಜೆಪೆಗ್ ಕಡತದಲ್ಲಿ ಅದು ಎಂಟು ಹತ್ತಕ್ಕೆ ಇಳಿಯುತ್ತದೆ. ಕ್ಯಾಮೆರಾ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕೆಗಳ ಚೌಕಗಳಾಗಿ ಕತ್ತರಿಸಿಕೊಂಡು, ಚೌಕದ 64 ಚುಕ್ಕೆಗಳ ಹೊಳಪನ್ನು ಬರೆಯುವ ಬದಲು 64 ಬಗೆಯ ಅಲೆಗಳಲ್ಲಿ ಯಾವುದು ಎಷ್ಟಿದೆ ಎಂದು ಬರೆಯುತ್ತದೆ. ಕಾರವಾರದ ಕಡಲತೀರದಲ್ಲಿ ಸಂಜೆಯ ಆಕಾಶದ ಫೋಟೊ ತೆಗೆಯಿರಿ. ಅಲ್ಲಿ ಬಣ್ಣ ಮೆಲ್ಲಗೆ ಬದಲಾಗುವುದರಿಂದ ಒಂದೆರಡು ಅಗಲ ಅಲೆಗಳು ಸಾಕು, ಉಳಿದ ಸಣ್ಣ ಅಲೆಗಳ ಜಾಗದಲ್ಲಿ ಸೊನ್ನೆಯೇ ಬರುತ್ತದೆ, ಕಡತ ಹಗುರಾಗುತ್ತದೆ. ಅದೇ ಕ್ಯಾಮೆರಾದಲ್ಲಿ ಅಡಿಕೆ ತೋಟದ ಫೋಟೊ ತೆಗೆದರೆ ಎಳೆ ಎಳೆ ಸೋಗೆಯ ಸೂಕ್ಷ್ಮಕ್ಕೆಲ್ಲ ಲೆಕ್ಕ ಬರೆಯಬೇಕಾಗಿ ಕಡತ ಉಬ್ಬುತ್ತದೆ. ನಂಬಿಕೆಯಾಗದಿದ್ದರೆ ನಿಮ್ಮ ಮೊಬೈಲಿನಲ್ಲಿರುವ ಇಂಥ ಎರಡು ಫೋಟೊಗಳ ಗಾತ್ರವನ್ನು ಹೋಲಿಸಿ.

ಈ ಲೆಕ್ಕವನ್ನು ಕೊಟ್ಟವರು ನಮ್ಮವರು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಈಗ ಯುವಿಸಿಇ ಎಂದು ಕರೆಯುವ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್. 1972ರಲ್ಲಿ ಕೊಸೈನ್ ಅಲೆಗಳ ಈ ಪರಿವರ್ತನೆಯನ್ನು ಅಧ್ಯಯನ ಮಾಡುತ್ತೇನೆಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದಾಗ ಹಣ ಸಿಗಲಿಲ್ಲ; ವಿಚಾರ ತೀರಾ ಸರಳವಾಗಿದೆ ಎಂಬ ಆಕ್ಷೇಪ ಬಂದಿತ್ತು. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆಗೂಡಿ 1974ರಲ್ಲಿ ಪ್ರಬಂಧ ಪ್ರಕಟಿಸಿದರು. 1992ರ ಜೆಪೆಗ್ ಮಾನದಂಡ ನಿಂತಿರುವುದು ಅದರ ಮೇಲೆ. ಶಿರಸಿಯ ಉಪನಯನವಿರಲಿ, ನಿಮ್ಮ ಆಧಾರ್ ಕಾರ್ಡಿನ ಮುಖವಿರಲಿ, ಜೆಪೆಗ್ ಆಗಿದ್ದರೆ ಆ ಸರಳ ವಿಚಾರದ ಮೂಲಕವೇ ಹಾದು ಬಂದಿರುತ್ತದೆ.

ಹೀಗೆ ಹಗುರಾದ ಕಡತ ಗಾಳಿಗೆ ಇಳಿಯಬೇಕು. ಕೊನೆಕೊಯ್ಲನ್ನು ನೋಡಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಮರದ ಮೇಲಿನ ಕೊನೆಗೌಡ ಅಡಿಕೆ ಕೊನೆಯನ್ನು ಹಗ್ಗದಲ್ಲಿ ಜಾರಿಸಿ ಬಿಡುತ್ತಾನೆ, ಕೆಳಗಿನವನು ಹಿಡಿಯುತ್ತಾನೆ. ಅದು ಯುಎಸ್‌ಬಿ ಕೇಬಲ್. ಹಗ್ಗ ಇಲ್ಲದಿದ್ದರೆ? ಎಂಟು ಮೆಗಾಬೈಟಿನ ಚಿತ್ರವನ್ನು ಸುಮಾರು ಐದೂವರೆ ಸಾವಿರ ತುಂಡು ಮಾಡಿ, ಒಂದೊಂದಕ್ಕೂ ಸಂಖ್ಯೆ ಬರೆದು, ಚೀಲದ ಮೇಲೆ ತೂಕದ ಚೀಟಿ ಅಂಟಿಸಿದಂತೆ ಒಂದು ತಾಳೆಲೆಕ್ಕವನ್ನೂ ಸೇರಿಸಿ ಎಸೆಯುವುದು. ಕೆಳಗಿನವನು ತೂಕ ಸರಿಯಿದ್ದರೆ "ಬಂತು" ಎಂದು ಕೂಗುತ್ತಾನೆ. ಕೂಗು ಕೇಳದಿದ್ದರೆ ಮೇಲಿನವನು ತುಸು ತಡೆದು ಅದೇ ತುಂಡನ್ನು ಮತ್ತೆ ಎಸೆಯುತ್ತಾನೆ. ಹೋಲಿಕೆ ಮುರಿಯುವುದು ಇಲ್ಲಿ: ಎಸೆದ ಕೊನೆ ಮತ್ತೆ ಮರದಲ್ಲಿರುವುದಿಲ್ಲ, ಕ್ಯಾಮೆರಾ ಎಸೆದದ್ದು ಕಾರ್ಡಿನಲ್ಲಿ ಹಾಗೆಯೇ ಇರುತ್ತದೆ. ಎಷ್ಟು ಸಲ ಬೇಕಾದರೂ ಎಸೆಯಬಹುದು. ಆದ್ದರಿಂದ ಚಿತ್ರ ತಡವಾಗಬಹುದೇ ಹೊರತು ಮಸುಕಾಗುವುದಿಲ್ಲ. ಅಂಗಡಿಯವರು ನೋಡಿದ ಮಸುಕು ಫೋಟೊ ಯಾವುದೋ ಮೆಸೇಜ್ ಆಪ್‌ನಲ್ಲಿ ಬಂದದ್ದಿರಬೇಕು. ಅವು ಕಳಿಸುವ ಮುನ್ನ ಚಿತ್ರವನ್ನು ಇನ್ನೊಮ್ಮೆ ಹಿಂಡುತ್ತವೆ. ತಪ್ಪು ಹಿಂಡಿದವರದು, ಗಾಳಿಯದಲ್ಲ.

ತುಸು ತಡೆದು ಎಂದೆನಲ್ಲ, ಆ ತಡೆಯುವಿಕೆಯೂ ಹಳೆಯ ಜಾಣತನ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ತಂಡ ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರುಗಳನ್ನು ಬೆಸೆದಾಗ ಇಬ್ಬರು ಒಟ್ಟಿಗೆ ಮಾತಾಡಿದರೆ ಏನು ಗತಿ ಎಂಬ ಪ್ರಶ್ನೆ ಎದ್ದಿತು. ಇಬ್ಬರೂ ಸುಮ್ಮನಾಗಿ, ಬೇರೆ ಬೇರೆ ಹೊತ್ತು ಕಾದು, ಮತ್ತೆ ಮಾತಾಡಲಿ ಎಂಬುದೇ ಉತ್ತರವಾಯಿತು. ಅದೇ ವರ್ಷ, ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್ ಕಡತ ಸಾಗಿಸುವ ಎಫ್‌ಟಿಪಿ ನಿಯಮಗಳನ್ನು ಬರೆದರು. ಇಂದಿಗೂ ಪತ್ರಿಕಾ ಛಾಯಾಗ್ರಾಹಕರ ದುಬಾರಿ ಕ್ಯಾಮೆರಾಗಳ ಮೆನುವಿನಲ್ಲಿ ಎಫ್‌ಟಿಪಿ ಎಂಬ ಹೆಸರು ಸಿಗುತ್ತದೆ. ಇರಲಿ, ದಾರಿ ತಪ್ಪಿದೆ.

ಎರಡನೆಯ ಒಡೆತಕ್ಕೆ ಬರೋಣ. ವೈಫೈಗೆ ದೂರ ಅಂಥ ದೊಡ್ಡ ಶತ್ರುವಲ್ಲ, ಅಂಗಳದಿಂದ ಜಗುಲಿಗೆ ಹತ್ತು ಮೀಟರ್. ನಿಜವಾದ ಶತ್ರು ಮಾರ್ದನಿ. ಯಾಣಕ್ಕೆ ಹೋದವರು ಆ ಕಪ್ಪು ಬಂಡೆಗಳ ನಡುವೆ ನಿಂತು ಒಮ್ಮೆಯಾದರೂ ಕೂಗಿರುತ್ತಾರೆ. ಅಲ್ಲಿ ಗಡಿಬಿಡಿಯಲ್ಲಿ ಮಾತಾಡಿ ನೋಡಿ. ಹಿಂದಿನ ಅಕ್ಷರದ ಮಾರ್ದನಿ ಮುಂದಿನ ಅಕ್ಷರದ ಮೇಲೆ ಬಿದ್ದು ಮಾತೆಲ್ಲ ಕಲಸಿಹೋಗುತ್ತದೆ. ರೇಡಿಯೊ ಅಲೆಗಳ ಕಣ್ಣಿಗೆ ನಮ್ಮ ಮನೆಗಳೆಲ್ಲ ಯಾಣವೇ. ಅಂದು ಆ ಮನೆಯಲ್ಲಿ ತಗಡಿನ ಮಾಡು, ತಾಮ್ರದ ಹಂಡೆ, ಅಡುಗೆಯ ಕೊಪ್ಪರಿಗೆ, ಬಂದವರ ಕಾರುಗಳು ಎಲ್ಲವೂ ಇದ್ದವು. ಒಂದೊಂದಕ್ಕೂ ತಾಗಿ ಸಂಕೇತದ ಒಂದೊಂದು ಮರಿ ತಡವಾಗಿ ಲ್ಯಾಪ್‌ಟಾಪಿಗೆ ಬರುತ್ತದೆ. ಸೆಕೆಂಡಿಗೆ ಎರಡು ಕೋಟಿ ಸಂಕೇತಗಳನ್ನು ಒಂದರ ಹಿಂದೆ ಒಂದು ಕಳಿಸಿದರೆ ಒಂದೊಂದರ ಉದ್ದ ಗಾಳಿಯಲ್ಲಿ ಬರೀ 15 ಮೀಟರ್. ಕೊಟ್ಟಿಗೆಯ ತಗಡಿಗೆ ತಾಗಿ 30 ಮೀಟರ್ ಸುತ್ತಿ ಬಂದ ಮಾರ್ದನಿ ಎರಡು ಅಕ್ಷರ ಹಿಂದೆ ಬಿದ್ದಿರುತ್ತದೆ.

ಯಾಣದಲ್ಲಿ ಏನು ಮಾಡುತ್ತೀರಿ? ನಿಧಾನವಾಗಿ ಮಾತಾಡುತ್ತೀರಿ. ವೈಫೈ ಮಾಡುವುದೂ ಅದನ್ನೇ! ನಿಧಾನ ಮಾಡಿದರೆ ಚಿತ್ರ ಮುಟ್ಟಲು ಸಂಜೆಯಾಗುತ್ತದಲ್ಲ ಎಂದರೆ, ಒಬ್ಬನೇ ಗಡಿಬಿಡಿಯಲ್ಲಿ ಒದರುವ ಬದಲು 48 ಜನ ಬೇರೆ ಬೇರೆ ಶ್ರುತಿಯಲ್ಲಿ, ಒಟ್ಟಿಗೆ, ಒಂದೊಂದೇ ಅಕ್ಷರವನ್ನು ಎಳೆದು ಹಾಡುತ್ತಾರೆ. ಒಂದೊಂದು ಸ್ವರವೂ 4 ಮೈಕ್ರೊಸೆಕೆಂಡ್ ನಿಲ್ಲುತ್ತದೆ. ಅಂದರೆ ಗಾಳಿಯಲ್ಲಿ ಅದರ ಉದ್ದ 1200 ಮೀಟರ್. ಅಕ್ಷರದ ತಲೆ ಮನೆ ದಾಟಿ, ತೋಟ ದಾಟಿ, ಗುಡ್ಡದಾಚೆಗೆ ಹೋಗಿರುವಾಗ ಬಾಲ ಇನ್ನೂ ಕ್ಯಾಮೆರಾದಿಂದ ಹೊರಬರುತ್ತಿರುತ್ತದೆ. ಅದರ ಮೊದಲ 0.8 ಮೈಕ್ರೊಸೆಕೆಂಡನ್ನು, ಎಂದರೆ 240 ಮೀಟರನ್ನು, ಲ್ಯಾಪ್‌ಟಾಪ್ ಕೇಳಿಸಿಕೊಳ್ಳದೆ ಎಸೆದುಬಿಡುತ್ತದೆ. ಮಾರ್ದನಿಗಳ ಗಲಾಟೆ ಅಷ್ಟರಲ್ಲೇ ಅಡಗಿರುತ್ತದೆ.

48 ಸ್ವರ ಒಟ್ಟಿಗೆ ಬಂದರೆ ಬಿಡಿಸುವುದು ಹೇಗೆ? ಯಕ್ಷಗಾನದಲ್ಲಿ ಭಾಗವತರ ಪದ, ಮದ್ದಳೆ, ಚಂಡೆ, ತಾಳ ಒಟ್ಟಿಗೆ ಕಿವಿಗೆ ಬಿದ್ದರೂ ಮದ್ದಳೆಯನ್ನಷ್ಟೇ ಬೇಕೆಂದು ಕೇಳಬಲ್ಲ ರಸಿಕರಿದ್ದಾರೆ. ಆದರೆ ಕಿವಿಯ ಹೋಲಿಕೆಗಿಂತ ಜೋಕಾಲಿಯದು ಇನ್ನೂ ನಿಖರ. ಜೋಕಾಲಿಯನ್ನು ಅದರ ಲಯಕ್ಕೇ ತಳ್ಳಿದರೆ ಏರುತ್ತ ಹೋಗುತ್ತದೆ. ಬೇರೆ ಲಯದಲ್ಲಿ ತಳ್ಳಿದರೆ ಒಮ್ಮೆ ಏರಿಸಿ, ಒಮ್ಮೆ ತಡೆದು, ಕೊನೆಗೆ ಇದ್ದಲ್ಲೇ ನಿಲ್ಲಿಸುತ್ತೀರಿ. ಲ್ಯಾಪ್‌ಟಾಪಿನ ಲೆಕ್ಕದೊಳಗೆ ಇಂಥ 48 ಜೋಕಾಲಿಗಳಿವೆ ಎಂದುಕೊಳ್ಳಿ. ಸ್ವರಗಳನ್ನು ಎಷ್ಟು ಹದವಾಗಿ ಆರಿಸಿದ್ದಾರೆಂದರೆ, ಕೇಳಿಸಿಕೊಳ್ಳುವ 3.2 ಮೈಕ್ರೊಸೆಕೆಂಡಿನಲ್ಲಿ ಪ್ರತಿಯೊಂದೂ ಪೂರ್ಣ ಸಂಖ್ಯೆಯ ಸುತ್ತುಗಳನ್ನೇ ಮುಗಿಸುತ್ತದೆ, ಅರೆಸುತ್ತು ಉಳಿಸುವುದಿಲ್ಲ. ಹಾಗಾಗಿ ಒಂದು ಸ್ವರ ತನ್ನ ಜೋಕಾಲಿಯನ್ನು ಮಾತ್ರ ಏರಿಸುತ್ತದೆ, ಉಳಿದ 47ರಲ್ಲಿ ಕೂಡಿದ್ದು ಕಳೆದದ್ದು ಸರಿಹೋಗಿ ಸೊನ್ನೆ. ನಾಸಿರ್ ಅಹ್ಮದರ ಚೌಕದಲ್ಲಿ ಯಾವ ಅಲೆ ಎಷ್ಟಿದೆ ಎಂದು ಅಳೆಯುವುದೂ ಇದೇ ಜೋಕಾಲಿಯಿಂದ. ಎರಡಕ್ಕೂ ಮೂಲಪುರುಷ ಫ್ರಾನ್ಸಿನ ಜೋಸೆಫ್ ಫೊರಿಯೆ. 1822ರಲ್ಲಿ ಆತ ಪುಸ್ತಕ ಬರೆದದ್ದು ಶಾಖ ಹೇಗೆ ಹರಿಯುತ್ತದೆ ಎಂಬುದರ ಮೇಲೆ. ಫೋಟೊ ಎಂಬುದೇ ಆಗ ಇರಲಿಲ್ಲ ಎನ್ನಬೇಕು.

ಇದನ್ನು ವೈಫೈಗೆ ತಂದವರ ಕಥೆ ಇನ್ನೂ ವಿಚಿತ್ರ. ಜಾನ್ ಒ'ಸಲಿವನ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿ 1970ರ ದಶಕದಲ್ಲಿ ಪುಟ್ಟ ಕಪ್ಪುಕುಳಿಗಳು ಸಿಡಿಯುವಾಗ ಹೊಮ್ಮಬಹುದಾದ ರೇಡಿಯೊ ಮಿಡಿತವನ್ನು ಹುಡುಕುತ್ತಿದ್ದ. ಸಿಗಲಿಲ್ಲ. ಆದರೆ ಕಲಸಿಹೋದ ಸಂಕೇತವನ್ನು ಫೊರಿಯೆ ಲೆಕ್ಕದಿಂದ ತಿಳಿಗೊಳಿಸುವ ಕೈಚಳಕ ಉಳಿಯಿತು. ಮುಂದೆ ಆಸ್ಟ್ರೇಲಿಯಾ ಸರಕಾರದ ಸಂಶೋಧನಾ ಸಂಸ್ಥೆಯಾದ ಸಿಎಸ್‌ಐಆರ್‌ಒದಲ್ಲಿ ಅವನೂ ಸಂಗಡಿಗರೂ ಅದನ್ನು ಕೋಣೆಯೊಳಗಿನ ಮಾರ್ದನಿಗೆ ಬಳಸಿ 1996ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅವನನ್ನು ವೈಫೈಯ ಅಪ್ಪ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಹಲವು ಸ್ವರಗಳಲ್ಲಿ ಹಂಚಿ ಕಳಿಸುವ ವಿಚಾರವನ್ನು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಚಾಂಗ್ 1966ರಲ್ಲೇ ಬರೆದಿದ್ದ. 1999ರ ವೈಫೈ ಮಾನದಂಡವೊಂದರಲ್ಲಿ 48 ಸ್ವರಗಳ ಈ ಏರ್ಪಾಡು ಬಂತು. ವೈಫೈ 6 ಎಂಬ ಪೀಳಿಗೆಯಲ್ಲಿ ಒಂದೊಂದು ಸ್ವರದ ಕೇಳಿಸಿಕೊಳ್ಳುವ ಪಾಲನ್ನು 3.2ರ ಬದಲು 12.8 ಮೈಕ್ರೊಸೆಕೆಂಡ್ ಎಳೆಯುತ್ತಾರೆ. ವೇಗ ಹೆಚ್ಚಿಸಲು ಮತ್ತೆ ನಾಲ್ಕು ಪಟ್ಟು ನಿಧಾನ ಮಾಡಿದ್ದಾರೆ, ನೋಡಿ!

ಇಷ್ಟನ್ನೂ ನಾನು ಅಜ್ಜನಿಗೆ ಒಂದೇ ಉಸಿರಿನಲ್ಲಿ ಹೇಳಲಿಲ್ಲ. ಕೊನೆಗೌಡನವರೆಗೆ ಹೇಳಿ, ಜೋಕಾಲಿಗೆ ಬರುವಷ್ಟರಲ್ಲಿ ಊಟದ ಕರೆ ಬಂತು. ಅಂಗಳದಲ್ಲಿ ಪಂಕ್ತಿ ಕುಳಿತು, ಬಡಿಸುವವರು ಓಡಾಡತೊಡಗಿದ ಕೂಡಲೇ ಎರಡು ಸೆಕೆಂಡಿನ ಫೋಟೊ ಹದಿನೈದು ಸೆಕೆಂಡ್ ತೆಗೆದುಕೊಳ್ಳತೊಡಗಿತು. ಹುಡುಗ ಕ್ಯಾಮೆರಾವನ್ನು ಆಫ್ ಮಾಡಿ ಆನ್ ಮಾಡಿದ, ಬ್ಯಾಟರಿ ಬದಲಿಸಿದ. ಅದೇನೂ ಬೇಕಿರಲಿಲ್ಲ. ಮನುಷ್ಯನ ಮೈಯಲ್ಲಿ ಹೆಚ್ಚಿನ ಪಾಲು ನೀರು. 2.4 ಗಿಗಾಹರ್ಟ್ಸ್ ಅಲೆಗಳನ್ನು ಅದು ಚೆನ್ನಾಗಿ ಹೀರುತ್ತದೆ. ಕ್ಯಾಮೆರಾಕ್ಕೂ ಲ್ಯಾಪ್‌ಟಾಪಿಗೂ ನಡುವೆ ನೂರು ಜನರ ನೀರಿನ ಗೋಡೆ ಎದ್ದಿತ್ತು, ತುಂಡುಗಳನ್ನು ಮತ್ತೆ ಮತ್ತೆ ಎಸೆಯಬೇಕಾಗುತ್ತಿತ್ತು. ಲ್ಯಾಪ್‌ಟಾಪನ್ನು ಅಟ್ಟದ ಏಣಿಯ ಮೇಲಿನ ಮೆಟ್ಟಿಲಿಗೆ, ತಲೆಗಳಿಗಿಂತ ಎತ್ತರಕ್ಕೆ ಏರಿಸಲು ಹೇಳಿದೆ. ಅಜ್ಜ ಏಣಿ ಹಿಡಿದುಕೊಂಡರು. ಪಾಯಸ ಬಡಿಸುವುದರೊಳಗೆ ಬಾಕಿ ಇದ್ದ ಚಿತ್ರಗಳೆಲ್ಲ ಬಂದಿದ್ದವು. ಕೊನೆಯದರಲ್ಲಿ ಅಜ್ಜನೇ ಇದ್ದರು, ಏಣಿ ಹಿಡಿದುಕೊಂಡು.