ಲೇಬಲ್ ನೋಡಿ ಬಟ್ಟೆಯ ಊರು ಹೇಳೋಕಾಗಲ್ಲ

ಗಾರ್ಮೆಂಟ್ಸಲ್ಲಿ ಕ್ವಾಲಿಟಿ ನೋಡೋ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟ್ತು. ನನ್ನ ಕೆಲಸ ಏನಂತ ಗೊತ್ತಾದವರೆಲ್ಲ ಫುಟ್‌ಪಾತಲ್ಲಿ ತಗೊಂಡ ಟೀ ಶರ್ಟ್ ತಂದು, ಕಾಲರ್ ಮಡಚಿ ತೋರಿಸಿ, "ಮೇಡಂ, ಇದು ಬಾಂಗ್ಲಾದೇಶದ ಬಟ್ಟೆ, ಬಾಳಿಕೆ ಬರತ್ತಾ?" ಅಂತಾರೆ. ಇನ್ನೊಬ್ಬರು "ವಿಯೆಟ್ನಾಂ ಅಂತಿದೆ, ಹಾಗಾದ್ರೆ ಒಳ್ಳೇದೇ ಇರ್ಬೇಕು" ಅಂತ ಖುಷಿಪಡ್ತಾರೆ, ಮತ್ತೊಬ್ರು ಚೈನಾ ಅಂತ ಕಂಡ ಕೂಡ್ಲೆ ಕೈಲಿದ್ದದ್ದನ್ನ ವಾಪಸ್ ರಾಶಿಗೆ ಎಸೀತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೀತಿದೀನಿ.

ಆ ಲೇಬಲ್ ಹೇಳೋದು ಎಲ್ಲಿ ಹೊಲಿದ್ರು ಅನ್ನೋದನ್ನ ಮಾತ್ರ. ಹತ್ತಿ ಎಲ್ಲೀದು, ನೂಲು ಎಲ್ಲೀದು, ಬಣ್ಣ ಎಲ್ಲೀದು, ಗುಂಡಿ ಎಲ್ಲೀದು, ಇದ್ಯಾವುದನ್ನೂ ಅದು ಹೇಳಲ್ಲ.

ಬಾಂಗ್ಲಾದೇಶವನ್ನೇ ತಗೊಳ್ಳಿ, ಅಲ್ಲಿ ಹತ್ತಿ ಬೆಳೆಯೋದು ತೀರಾ ಕಮ್ಮಿ, ಬೇಕಾಗೋ ಹತ್ತಿ ಹೆಚ್ಚುಕಮ್ಮಿ ಎಲ್ಲಾ ಹೊರಗಿಂದ ಬರತ್ತೆ, ಪಶ್ಚಿಮ ಆಫ್ರಿಕಾ, ಬ್ರೆಜಿಲ್, ಭಾರತ, ಅಮೆರಿಕ ಹೀಗೆ. ಸ್ಪಿನ್ನಿಂಗ್ ಮಿಲ್ಲಲ್ಲಿ ಬೇರೆ ಬೇರೆ ಬೇಲ್‌ಗಳ, ಅಂದ್ರೆ ಒತ್ತಿ ಕಟ್ಟಿದ ದೊಡ್ಡ ಮೂಟೆಗಳ, ಹತ್ತಿ ಬೆರೆಸಿ ನೂಲು ತೆಗೀತಾರೆ, ಹಾಗಾಗಿ ಒಂದೇ ಎಳೇಲಿ ಎರಡು ಖಂಡದ ಹತ್ತಿ ಇದ್ರೂ ಆಶ್ಚರ್ಯ ಇಲ್ಲ. ಹೊಲಿಗೆ ದಾರ ಸಾಮಾನ್ಯವಾಗಿ ಪಾಲಿಯೆಸ್ಟರ್, ಅದು ಕಚ್ಚಾ ತೈಲದಿಂದ ಬರೋದು. ಜೀನ್ಸ್ ಆದ್ರೆ ಅದರ ನೀಲಿ ಕೃತಕ ಇಂಡಿಗೊ, 1897ರಲ್ಲಿ ಜರ್ಮನಿಯ ಕಂಪನಿಯೊಂದು ಮಾರುಕಟ್ಟೆಗೆ ಬಿಟ್ಟಿದ್ದು, ಈಗ ಬಹುಪಾಲು ಚೈನಾದಲ್ಲೇ ತಯಾರಾಗೋದು. ಜಿಪ್ ಮೇಲೆ ವೈಕೆಕೆ ಅಂತಿದ್ರೆ ಅದು 1934ರಲ್ಲಿ ಟೋಕಿಯೋದಲ್ಲಿ ಶುರುವಾದ ಕಂಪನಿ, ಆದ್ರೆ ಅವರ ಫ್ಯಾಕ್ಟರಿಗಳು ಎಷ್ಟೋ ದೇಶದಲ್ಲಿವೆ, ಜಿಪ್ ಜಪಾನಲ್ಲೇ ಆಗಿದ್ದು ಅಂತ ಮತ್ತೆ ಅದೇ ತಪ್ಪು ಮಾಡ್ಬೇಡಿ. ಈಗ ಹೇಳಿ, ಈ ಪ್ಯಾಂಟು ಯಾವ ದೇಶದ್ದು?

ಹಾಗಂತ ಲೇಬಲ್ ಸುಳ್ಳು ಅಂತ ನಾನು ಹೇಳ್ತಿಲ್ಲ. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಅಮೆರಿಕಕ್ಕೆ ಹೋಗೋ ಮಾಲಿಗೆ ದೇಶದ ಹೆಸರು ಹಾಕ್ಲೇಬೇಕು, ಯುರೋಪಿಯನ್ ಯೂನಿಯನ್ ಅದನ್ನ ಕಡ್ಡಾಯ ಮಾಡಿಲ್ಲ, ಯಾವ ನಾರು ಶೇಕಡಾ ಎಷ್ಟಿದೆ ಅನ್ನೋದನ್ನ ಮಾತ್ರ ಬರೀಲೇಬೇಕು. ಲೇಬಲ್ಲಿಗೆ ಬೆಲೆ ಇಲ್ಲ ಅಂತಾನೂ ಅಲ್ಲ. 2013ರ ಏಪ್ರಿಲ್ 24ಕ್ಕೆ ಢಾಕಾ ಹತ್ರ ರಾಣಾ ಪ್ಲಾಜಾ ಅನ್ನೋ, ಗಾರ್ಮೆಂಟ್ಸ್ ಫ್ಯಾಕ್ಟರಿಗಳಿದ್ದ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ರಲ್ಲ, ಆಗ ಅಲ್ಲಿ ಯಾರ ಬಟ್ಟೆ ಹೊಲೀತಿದ್ರು ಅಂತ ಗೊತ್ತುಮಾಡ್ಕೊಳ್ಳೋಕೆ ಅವಶೇಷದೊಳಗೆ ಲೇಬಲ್ ಹುಡುಕಿದ್ರು. ಆ ಫೋಟೋ ನೋಡಿದ ದಿನ ನನ್ನ ಟೇಬಲ್ ಮೇಲಿದ್ದ ಲೇಬಲ್ ಕಟ್ಟನ್ನ ಮುಟ್ಟೋಕೆ ಕೈ ಬರಲಿಲ್ಲ.

ಹೊಲಿಗೆ ಬಾಂಗ್ಲಾದೇಶದಲ್ಲೇ ಯಾಕೆ ಸೇರ್ಕೊಳ್ತು ಅಂತ ಕೇಳೋರು ಕಮ್ಮಿ. ಅಗ್ಗದ ಕೂಲಿ ಅಂತೀರಿ, ನಿಜ, ಆದ್ರೆ ಅಷ್ಟೇ ಅಲ್ಲ. 1974ರಿಂದ ಶ್ರೀಮಂತ ದೇಶಗಳು ಇಂಥಾ ದೇಶದಿಂದ ಇಷ್ಟೇ ಬಟ್ಟೆ ಅಂತ ಕೋಟಾ ಕಟ್ಟಿದ್ವು. ಕೊರಿಯಾದ ಕಂಪನಿಗಳಿಗೆ ಕೋಟಾ ಸಾಲದೆ ಬಂತು, ಬಾಂಗ್ಲಾದೇಶಕ್ಕೆ ಆಗ ಕೋಟಾದ ಕಟ್ಟು ಇರಲಿಲ್ಲ. 1979ರಲ್ಲಿ ಅಲ್ಲಿನ ದೇಶ್ ಗಾರ್ಮೆಂಟ್ಸ್ ಅನ್ನೋ ಕಂಪನಿ ತನ್ನ ನೂರಕ್ಕೂ ಹೆಚ್ಚು ಜನರನ್ನ ಕೊರಿಯಾದ ಡೇವೂ ಫ್ಯಾಕ್ಟರಿಗೆ ಕಳಿಸಿ ಕೆಲಸ ಕಲಿಸ್ತು, ಅವರಲ್ಲೇ ಎಷ್ಟೋ ಜನ ಆಮೇಲೆ ಸ್ವಂತ ಫ್ಯಾಕ್ಟರಿ ಹಾಕಿದ್ರು. 2005ರ ಜನವರಿ 1ಕ್ಕೆ ಕೋಟಾ ಹೋಯ್ತು, ಕಲಿತ ಕೈಗಳು ಹೋಗಲಿಲ್ಲ.

ಇನ್ನು ಫುಟ್‌ಪಾತಿಗೆ ಹೇಗೆ ಬರತ್ತೆ ಅಂದ್ರೆ, ಹತ್ತು ಸಾವಿರ ಪೀಸ್ ಆರ್ಡರಿಗೆ ಯಾರೂ ಸರಿಯಾಗಿ ಹತ್ತು ಸಾವಿರಾನೇ ಕಟ್ ಮಾಡಲ್ಲ, ಡ್ಯಾಮೇಜ್ ಆಗತ್ತೆ ಅಂತ ಸ್ವಲ್ಪ ಜಾಸ್ತೀನೇ ಕಟ್ ಮಾಡ್ತಾರೆ. ಉಳಿದದ್ದು, ನಾವು ರಿಜೆಕ್ಟ್ ಮಾಡಿದ್ದು, ಆರ್ಡರ್ ಕೊಟ್ಟ ಬೈಯರ್ ಕ್ಯಾನ್ಸಲ್ ಮಾಡಿದ್ದು, ಎಲ್ಲಾ ಲಾಟ್ ಲೆಕ್ಕದಲ್ಲಿ ಸರ್ಪ್ಲಸ್ ವ್ಯಾಪಾರಿಗಳಿಗೆ ಹೋಗತ್ತೆ. ಬ್ರಾಂಡ್ ಲೇಬಲ್ ಅರ್ಧಕ್ಕೆ ಕತ್ತರಿಸಿದ್ರೆ ಬಹುಶಃ ಇದೇ ದಾರೀಲಿ ಬಂದಿರೋದು. ಬಹುಶಃ ಅಂತಾನೇ ಹೇಳ್ತೀನಿ, ಯಾಕಂದ್ರೆ ನಕಲಿ ಮಾಡೋರಿಗೂ ಕತ್ತರಿ ಹಿಡಿಯೋಕೆ ಬರತ್ತೆ. ಹಳೇ ಬಟ್ಟೆಯ ವ್ಯಾಪಾರ ಇನ್ನೂ ದೊಡ್ಡದು. ಕೀನ್ಯಾದಲ್ಲಿ ಅದಕ್ಕೆ ಮಿತುಂಬ ಅಂತಾರೆ, ಸ್ವಾಹಿಲಿಯಲ್ಲಿ ಬೇಲ್‌ಗಳು ಅಂತ ಅರ್ಥ, ಘಾನಾದ ಆಕ್ರಾದಲ್ಲಿ ಕಾಂಟಮಾಂಟೊ ಅಂತ ಇದಕ್ಕೇ ದೊಡ್ಡ ಮಾರ್ಕೆಟ್ ಇದೆ. ಬಿಚ್ಚದ ಬೇಲನ್ನ ದುಡ್ಡು ಕೊಟ್ಟು ತಗೊಂಡು, ಒಳಗೆ ಹರಿದದ್ದಿದ್ರೆ ಆ ನಷ್ಟ ಹೊತ್ಕೊಳ್ಳೋರು ಆ ಮಾರೋ ಹೆಂಗಸರು. ಅವರ ಹತ್ರ ಚೌಕಾಸಿ ಮಾಡೋವಾಗ ಇದೊಂದು ತಲೇಲಿಟ್ಕೊಂಡ್ರೆ ಒಳ್ಳೇದು ಅಂತ ನನ್ನಾಸೆ.

ಮೊನ್ನೆ ನಮ್ಮಕ್ಕ ಒಂದು ಶರ್ಟ್ ತಂದು ಅದೇ ಪ್ರಶ್ನೆ ಕೇಳಿದ್ಲು. ನಾನು ಲೇಬಲ್ ನೋಡ್ಲೇ ಇಲ್ಲ, ಶರ್ಟ್ ಒಳಮೈ ಮೇಲೆ ಮಾಡಿ ಪಕ್ಕದ ಹೊಲಿಗೆ ಎರಡೂ ಕಡೆ ಎಳೆದು ನೋಡಿದೆ, ಬಿಡಲಿಲ್ಲ. ತೋಳಿನ ಒಳಗಡೆ ಉಗುರಿನಷ್ಟು ಸಣ್ಣ ಸ್ಟಿಕ್ಕರ್ ಅಂಟಿತ್ತು, 147 ಅಂತ. ಬೆನ್ನಿನ ಭಾಗದಲ್ಲೂ ಒಂದು, ಅದೂ 147. "ಇದೇನೇ, ಬೆಲೇನಾ?" ಅಂದ್ಲು. ಬೆಲೆ ಅಲ್ಲಕ್ಕ, ಬಟ್ಟೇನ ಪದರ ಪದರವಾಗಿ ಹಾಸಿ ಒಟ್ಟಿಗೆ ಕಟ್ ಮಾಡ್ತಾರೆ, ಪದರದಿಂದ ಪದರಕ್ಕೆ ಬಣ್ಣ ಒಂಚೂರು ಬೇರೆ ಇರತ್ತೆ, 147ನೇ ಪದರದ ತೋಳು 147ನೇ ಪದರದ ಬೆನ್ನಿಗೇ ಸೇರ್ಲಿ ಅಂತ ಒಬ್ಬ ಹುಡುಗಿ ಕೂತ್ಕೊಂಡು ದಿನವಿಡೀ ಈ ನಂಬರ್ ಅಂಟಿಸ್ತಾಳೆ ಅಂದೆ. ಅಕ್ಕ ಆ ಸ್ಟಿಕ್ಕರ್ ಕೀಳೋಕೆ ಹೋದವಳು ಹಾಗೇ ಬಿಟ್ಟು, ಶರ್ಟ್ ಮಡಚಿ ಇಟ್ಲು.