ಹೊರಗೆ ಹೋದವರ ಪಾಲು ಯಾರ ಬಿಲ್ಲಿಗೆ?

ಕಳೆದ ವರ್ಷ ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಫೌಂಡ್ರಿಗೆ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗೆ, ಹೋಗಿದ್ದೆ. ಮಾಲೀಕರು ಕರೆಂಟ್ ಬಿಲ್ ತಂದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್, ಯೂನಿಟ್ಟಿಗೆ 36 ಪೈಸೆ. "ಅವರ ಪಿಂಚಣಿಗೂ ನಮ್ಮ ಫರ್ನೇಸಿಗೂ ಏನ್ ಸಂಬಂಧರೀ ಸರ?"

ನ್ಯಾಯವಾದ ಪ್ರಶ್ನೆ. ವಿದ್ಯುತ್ ನೌಕರರ ಪಿಂಚಣಿಯಲ್ಲಿ ಸರ್ಕಾರದ ಪಾಲನ್ನು 2025ರ ಏಪ್ರಿಲ್‌ನಿಂದ ಗ್ರಾಹಕರೇ ಕಟ್ಟುತ್ತಿದ್ದಾರೆ. ಮನೆ ಬಿಲ್ಲಿನಲ್ಲಿ ಅದು ಅಷ್ಟಾಗಿ ಚುಚ್ಚುವುದಿಲ್ಲ. ಇಂಡಕ್ಷನ್ ಫರ್ನೇಸ್‌ನಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಕು. ಟನ್ನಿಗೆ 216 ರೂಪಾಯಿ ಆಯಿತಲ್ಲ! ಬಿಡಿಭಾಗ ಕೊಳ್ಳುವ ದೊಡ್ಡ ಕಂಪನಿ ಅದನ್ನು ಕೊಡುವುದಿಲ್ಲ.

ಇದಾದರೂ ಕಣ್ಣಿಗೆ ಬೀಳುತ್ತದೆ. ಕ್ರಾಸ್ ಸಬ್ಸಿಡಿ ಬೀಳುವುದಿಲ್ಲ, ಅದು ಯೂನಿಟ್ ದರದೊಳಗೇ ಸೇರಿಕೊಂಡಿರುತ್ತದೆ. ಕೆಲವರಿಗೆ ಖರ್ಚಿಗಿಂತ ಕಡಿಮೆ ದರ, ಆ ಕೊರತೆ ತುಂಬಲು ಉಳಿದವರಿಗೆ ಜಾಸ್ತಿ ದರ. ಹಾಗಾದರೆ ಕರೆಂಟ್ ಹಂಚುವ ಕಂಪನಿಯಾದ ಎಸ್ಕಾಂ ಬಿಟ್ಟು, ಅದರದೇ ತಂತಿ ಬಳಸಿ ಬೇರೆ ಉತ್ಪಾದಕರಿಂದ ಕರೆಂಟ್ ತರಬಹುದು ಅಲ್ವಾ? ಇದಕ್ಕೆ ಓಪನ್ ಆಕ್ಸೆಸ್ ಎನ್ನುತ್ತಾರೆ. ತರಬಹುದು, ಆದರೆ ಆ ಕೊರತೆಯಲ್ಲಿ ತಮ್ಮ ಪಾಲನ್ನು ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಎಂದು ಕಟ್ಟಿ ಹೋಗಬೇಕು.

ಕ್ಯಾಪ್ಟಿವ್ ಘಟಕ, ಅಂದರೆ ಸ್ವಂತ ಬಳಕೆಗೆ ಕಟ್ಟಿದ ವಿದ್ಯುತ್ ಘಟಕ ಇದ್ದವರಿಗೆ ಅದೂ ಇಲ್ಲ. ಘಟಕದಲ್ಲಿ ಕನಿಷ್ಠ ಶೇ 26 ಪಾಲು ಬಳಕೆದಾರರದ್ದಾಗಿರಬೇಕು, ವರ್ಷದ ಉತ್ಪಾದನೆಯಲ್ಲಿ ಕನಿಷ್ಠ ಶೇ 51 ಅವರೇ ಬಳಸಬೇಕು. ಎಸ್ಕಾಂ ಬಿಟ್ಟು ಹೋಗುವವರಿಂದ ಅದರ ಸ್ಥಿರ ಖರ್ಚಿಗೆಂದು ವಸೂಲಿ ಮಾಡುವ ಅಡಿಷನಲ್ ಸರ್‌ಚಾರ್ಜ್ ಕೂಡ ಅವರು ಕಟ್ಟಬೇಕಿಲ್ಲ ಎಂದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಓದಿದರೆ ತೀರ್ಪು ಸರಿಯೇ. ಸ್ವಂತ ದುಡ್ಡು ಹಾಕಿ ಘಟಕ ಕಟ್ಟಿದ ಉಕ್ಕಿನ ಕಾರ್ಖಾನೆಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದು ಹೊರಗೆ ಹೋದಾಗ ಅದರ ಪಾಲಿನ ಹೊರೆ ಎಲ್ಲಿಗೆ ಹೋಯಿತು? ಮುಂದಿನ ದರ ಪರಿಷ್ಕರಣೆಗೆ ಬಂತು, ಅಲ್ಲಿಂದ ಈ ಫೌಂಡ್ರಿಗೆ.

ಚಿಕ್ಕವರಿಗೂ ಹಲವರು ಸೇರಿ ಒಂದೇ ಘಟಕದಲ್ಲಿ ಪಾಲು ಹಾಕುವ ಗ್ರೂಪ್ ಕ್ಯಾಪ್ಟಿವ್ ದಾರಿ ಇದೆ. ಸೌರ, ಪವನ ವಿದ್ಯುತ್ತಿಗಾಗಿ ಬಂದ 2022ರ ಹಸಿರು ಓಪನ್ ಆಕ್ಸೆಸ್ ನಿಯಮ 100 ಕಿಲೋವ್ಯಾಟ್ ಲೋಡ್‌ನವರಿಗೂ ಬಾಗಿಲು ತೆರೆದಿದೆ. ಆದರೆ ಮುಂದಿನ ತಿಂಗಳ ಆರ್ಡರೇ ಖಾತ್ರಿ ಇಲ್ಲದವರು ಹತ್ತಾರು ವರ್ಷದ ಒಪ್ಪಂದಕ್ಕೆ ಸಹಿ ಹಾಕುವುದು ಹೇಗೆ?

ಜರ್ಮನಿಯಲ್ಲೂ ಹಸಿರು ವಿದ್ಯುತ್ತಿಗೆ ನೆರವಾಗಲು ಬಿಲ್ಲಿನಲ್ಲಿ ಹಾಕುತ್ತಿದ್ದ ಸುಂಕದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಭಾರೀ ರಿಯಾಯಿತಿ ಇತ್ತು. ಆ ಭಾರ ಮನೆಗಳ ಮೇಲೆ, ಸಣ್ಣ ಉದ್ಯಮಗಳ ಮೇಲೆ ಬೀಳುತ್ತಿತ್ತು. 2022ರ ಜುಲೈನಲ್ಲಿ ಸುಂಕವನ್ನೇ ಬಿಲ್ಲಿನಿಂದ ತೆಗೆದು ಸರ್ಕಾರವೇ ಹೊತ್ತುಕೊಂಡಿತು. ನಮ್ಮಲ್ಲೂ ಪಿಂಚಣಿಯಂಥ ಹೊರೆ ಬಜೆಟ್‌ನಲ್ಲಿರಬೇಕು, ಯೂನಿಟ್ಟಿನಲ್ಲಲ್ಲ.

ದರ ಏರಿಕೆಗೆ ಮೊದಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) ಆಕ್ಷೇಪಣೆ ಕರೆಯುತ್ತದೆ, ಅಹವಾಲು ಕೇಳುತ್ತದೆ. ಆ 216 ರೂಪಾಯಿ ಲೆಕ್ಕವನ್ನು ಫೌಂಡ್ರಿ ಮಾಲೀಕರಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. "ಮುಂದಿನ ಸಲ ಇದನ್ನು ಹಿಡಿದು ನೀವೇ ಹೋಗಿ ಮಾತಾಡಿ" ಅಂದೆ. ಅವರು ಹಾಳೆಯನ್ನು ಮಡಚಿ ಬಿಲ್ ಫೈಲಿನೊಳಗೆ ಇಟ್ಟುಕೊಂಡರು.