ಎರಡನೇ ಸಲ ಕೇಳಿಸುವ ಪಿಯಾನೊ

ರಷ್ಯಾದ ಸಂಗೀತ ರಚನಕಾರ ರಖ್ಮಾನಿನೊವ್ ಅವರ ಪಿಯಾನೊ ರಚನೆ ನುಡಿಸಬೇಕು ಎಂದು ನನ್ನ ಬಳಿ ಕಲಿಯಲು ಬರುವವರು ಬೇಕಾದಷ್ಟು. ಅದೇ ರಷ್ಯಾದ ರಚನಕಾರ ಮೆಟ್ನರ್ ಅವರದನ್ನು ಕಲಿಸಿ ಎಂದವರು ಇದುವರೆಗೆ ಒಬ್ಬರೂ ಇಲ್ಲ. ಇಬ್ಬರೂ ಮಾಸ್ಕೋದಲ್ಲಿ ಕಲಿತ ಗೆಳೆಯರು. ರಖ್ಮಾನಿನೊವ್ ತಮ್ಮ ನಾಲ್ಕನೇ ಪಿಯಾನೊ ಕನ್ಚೆರ್ಟೊವನ್ನು (ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ದೊಡ್ಡ ರಚನೆ) ಅರ್ಪಿಸಿದ್ದು ಮೆಟ್ನರ್ ಅವರಿಗೇ. ಆದರೂ ಮೆಟ್ನರ್ ಬರೆದ 14 ಪಿಯಾನೊ ಸೊನಾಟಾಗಳು, ಅಂದರೆ ಪಿಯಾನೊ ಒಂದೇ ನುಡಿಯುವ ದೀರ್ಘ ರಚನೆಗಳು, ಬಹುಕಾಲ ಕಪಾಟಿನಲ್ಲೇ ಉಳಿದವು.

ಏಕೆಂದು ಬೆರಳುಗಳನ್ನು ಕೇಳಬೇಕು. ಮೆಟ್ನರ್ ಅವರ ಮಧುರವಾದ ಎಳೆ ಮೇಲೆ ತೇಲುವುದಿಲ್ಲ, ಬೇರೆ ಸ್ವರಗಳ ನಡುವೆ ಹುದುಗಿರುತ್ತದೆ. ಈಗ ಬಲಗೈ ಹೆಬ್ಬೆರಳಲ್ಲಿದ್ದರೆ ಮರುಗಳಿಗೆ ಎಡಗೈ ಹೆಬ್ಬೆರಳಲ್ಲಿ. ಅದರ ಮೇಲೆ ಒಂದು ಕೈ ಮೂರು ಎಣಿಸುವಾಗ ಇನ್ನೊಂದು ನಾಲ್ಕು ಎಣಿಸುತ್ತಿರುತ್ತದೆ. ಮೂರು ವಾರ ಕೂತು ನುಡಿಸಿದರೂ ನನಗೆ ಬರೀ ಗದ್ದಲವೇ ಕೇಳಿದ್ದುಂಟು. ಕೇಳುಗರ ಪಾಡೂ ಅಷ್ಟೇ. 'ನೈಟ್ ವಿಂಡ್' ಸೊನಾಟಾ ನಡುವೆ ಎಲ್ಲೂ ನಿಲ್ಲದೆ ಅರ್ಧ ಗಂಟೆ ದಾಟುತ್ತದೆ. ಕಛೇರಿಯಲ್ಲಿ ಒಮ್ಮೆ ಕೇಳಿದವರು ಮರ್ಯಾದೆಗೆ ಚಪ್ಪಾಳೆ ತಟ್ಟಿ ಎದ್ದುಹೋದರೆ ತಪ್ಪು ಹೇಳಲಾರೆ.

ಎರಡನೇ ಸಲ ಕೇಳಲು ರೆಕಾರ್ಡು ಬೇಕು. ಅದಕ್ಕೆ ದುಡ್ಡು ಹಾಕಿದವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್! ಸ್ವತಃ ಪಿಯಾನೊ ಬಲ್ಲವರು, ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಮೆಟ್ನರ್ ಲಂಡನ್ನಿನಲ್ಲಿ ಹೃದ್ರೋಗದಿಂದ ಬಳಲುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತ್ತು. 1947ರಲ್ಲಿ ಮೆಟ್ನರ್ ಅವರೇ ಫಿಲ್ಹಾರ್ಮೋನಿಯಾ ವಾದ್ಯವೃಂದದ ಜೊತೆ ತಮ್ಮ ಮೂರೂ ಕನ್ಚೆರ್ಟೊಗಳನ್ನು ನುಡಿಸಿ ಮುದ್ರಿಸಿದರು. ಆಗಿನ ರೆಕಾರ್ಡು ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ನಾಲ್ಕೂವರೆ ನಿಮಿಷದಷ್ಟು. ಸಂಗೀತವನ್ನು ತುಂಡು ತುಂಡು ಮಾಡಿಯೇ ಹಿಡಿಯಬೇಕಿತ್ತು. ಮೂರನೆಯ ಕನ್ಚೆರ್ಟೊ ಮಹಾರಾಜರಿಗೆ ಅರ್ಪಿತ. 1951ರಲ್ಲಿ ಮೆಟ್ನರ್ ತೀರಿಕೊಂಡರು.

ಮೆಟ್ನರ್ ಅವರನ್ನು ರೆಕಾರ್ಡು ಮಾಡುವ ಆ ಕೆಲಸವನ್ನು ಮುಂದೆ ಹೆಗಲಿಗೆ ಹಾಕಿಕೊಂಡವರಲ್ಲಿ ಪಿಯಾನೊ ವಾದಕ ಜೆಫ್ರಿ ಟೋಜರ್ ನನಗೆ ತುಂಬ ಹತ್ತಿರ. ಹುಟ್ಟಿದ್ದು 1954ರಲ್ಲಿ, ನಮ್ಮ ಮಸ್ಸೂರಿಯಲ್ಲಿ, ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. ಮೊದಲ ಗುರು ತಾಯಿಯೇ. ಜನಪ್ರಿಯವಾದ ನಾಲ್ಕು ಚೂರು ಆರಿಸಿಕೊಂಡು ಮೆಟ್ನರ್‌ನನ್ನು ಉಳಿಸಿದೆ ಎನ್ನುವ ಜಾತಿಯವರಲ್ಲ ಅವರು. ಚಾಂಡೋಸ್ ಎಂಬ ರೆಕಾರ್ಡು ಕಂಪನಿಗಾಗಿ ಕನ್ಚೆರ್ಟೊ, ಸೊನಾಟಾ, ಸಣ್ಣ ರಚನೆ ಎನ್ನುತ್ತಾ ಸಿಡಿಯ ಮೇಲೆ ಸಿಡಿ ಮಾಡಿದರು. ಅಷ್ಟನ್ನು ಕೈಗೆ ಇಳಿಸಿಕೊಳ್ಳಲು ಎಷ್ಟು ವರ್ಷ ಬೇಕೆಂದು ವೃತ್ತಿಯವರಿಗೆ ಗೊತ್ತು. ಅಷ್ಟು ಹೊತ್ತು ಚೋಪಿನ್ ನುಡಿಸಿದ್ದರೆ ಕಛೇರಿಗಳಾದರೂ ಸಿಗುತ್ತಿದ್ದವು. 2009ರಲ್ಲಿ, 54ನೇ ವಯಸ್ಸಿಗೇ ಹೋದರು. ಆಸ್ಟ್ರೇಲಿಯಾದ ದೊಡ್ಡ ವಾದ್ಯವೃಂದಗಳು ಅವರನ್ನು ದೂರವಿಟ್ಟವೆಂದು ಆ ದೇಶದ ಮಾಜಿ ಪ್ರಧಾನಿ ಪಾಲ್ ಕೀಟಿಂಗ್ ಶ್ರದ್ಧಾಂಜಲಿಯಲ್ಲೇ ಹರಿಹಾಯ್ದರು.

ಮೆಟ್ನರ್ ಎಲ್ಲಿಂದ ಶುರುಮಾಡಲಿ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ 'ರೆಮಿನಿಸೆಂಜಾ' ಸೊನಾಟಾ. ಕಾಲು ಗಂಟೆಯಷ್ಟೇ. ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ, ಆರಂಭದ ಆ ಸರಳ ಎಳೆ ಎಲ್ಲೆಲ್ಲಿ ತಿರುಗಿ ಬರುತ್ತದೆಂದು ಎಣಿಸಿ.